ಕಡಲಿಗೊಬ್ಬ ನೀರುಗಂಟಿ: ಬೆನಗಲ್ ನರಸಿಂಗ ರಾಯರ ಬಾಳು

ಅಗಳಿಯಿಂದ ಪಶ್ಚಿಮದ ಕಡಲೂ ದೂರ, ಪೂರ್ವದ ಕಡಲೂ ದೂರ. ಸಂತೆಗೆ ಬರುವ ಒಣಮೀನನ್ನು ಬಿಟ್ಟರೆ ಕಡಲಿಗೂ ಈ ಸೀಮೆಗೂ ನೇರವಾದ ವ್ಯವಹಾರ ಕಡಿಮೆ. ನಮಗೆ ನೀರೆಂದರೆ ಕೆರೆಯ ನೀರು. ಕೆರೆಯೆಂದ ಮೇಲೆ ಏರಿ, ಕೋಡಿ, ತೂಬು, ಅಚ್ಚುಕಟ್ಟುಗಳ ಮಾತು ಬರುತ್ತದೆ. ಅವೆಲ್ಲದರ ಜೊತೆಗೆ ನೀರುಗಂಟಿಯ ಮಾತೂ ಬರುತ್ತದೆ. ತೂಬು ಎತ್ತುವವನು, ಇಳಿಸುವವನು, ಯಾವ ಗದ್ದೆಗೆ ಎಷ್ಟು ಹೊತ್ತು ನೀರು ಹರಿಯಬೇಕೆಂದು ತೀರ್ಮಾನಿಸುವವನು ಅವನೇ. ಕಣದಲ್ಲಿ ರೈತರು ಅಳೆದುಕೊಡುವ ಕಾಳು ಅವನ ಕೂಲಿ. ತೂಬಿನ ಬುಡದಲ್ಲಿರುವ ಗದ್ದೆಗೆ ನೀರು ತಾನಾಗಿಯೇ ಹರಿಯುತ್ತದೆ. ಅದಕ್ಕೆ ನೀರುಗಂಟಿ ಬೇಕಿಲ್ಲ. ಅವನಿರುವುದು ಕಾಲುವೆಯ ತುದಿಯಲ್ಲಿರುವ ಕೊನೆಯ ಗದ್ದೆಗಾಗಿ. ನಾನು ಓದು ಕಲಿತದ್ದು ಮರಾಠಿ, ಕನ್ನಡಗಳೆರಡೂ ಬೆರೆತ ಗಡಿಯ ಶಾಲೆಗಳಲ್ಲಿ. ಆ ಕಡೆ ಈ ಕೆಲಸದವನನ್ನು ಪಾಟಕರಿ ಎನ್ನುವುದನ್ನು ಕೇಳಿದ್ದೆ. ನೀರುಗಂಟಿ ಎಂಬ ಮಾತು ಈ ಸೀಮೆ ನನಗೆ ಕೊಟ್ಟ ಪದ.

ಕೆರೆಗೆ ನೀರುಗಂಟಿಯುಂಟು; ಕಡಲಿಗೆ ಯಾರು? ಕಡಲಿನ ನೀರನ್ನು ಯಾರೂ ಪಾಲು ಕೇಳುವುದಿಲ್ಲವೆಂಬುದು ನಿಜ. ಆದರೆ ಅದರಲ್ಲಿರುವ ಮೀನಿಗೆ ಪಾಲು ಕೇಳುವವರು ನೂರಾರು ದೇಶಗಳವರು. ದೊಡ್ಡ ಹಡಗು, ದೊಡ್ಡ ಬಲೆ ಉಳ್ಳವರು ತೂಬಿನ ಬುಡದಲ್ಲಿರುವವರಂತೆ; ಸಣ್ಣ ದೋಣಿಯವರು ಕೊನೆಯ ಗದ್ದೆಯವರಂತೆ. ಈ ಹಂಚಿಕೆಗೆ ಒಂದು ನ್ಯಾಯವಿರಬೇಕೆಂಬ ಪ್ರಯತ್ನ ಎರಡನೆಯ ಮಹಾಯುದ್ಧದ ತರುವಾಯ ವಿಶ್ವಸಂಸ್ಥೆಯಲ್ಲಿ ಆರಂಭವಾದಾಗ ಆ ಮೇಜಿನ ಸುತ್ತ ಕುಳಿತಿದ್ದ ಹದಿನೈದು ಮಂದಿಯಲ್ಲಿ ಒಬ್ಬರು ನಮ್ಮ ಕರಾವಳಿಯವರು. ಅವರು ಸರ್ ಬೆನಗಲ್ ನರಸಿಂಗ ರಾಯರು. ಭಾರತದ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರೆಂದು ಅವರ ಹೆಸರನ್ನು ಪಠ್ಯಪುಸ್ತಕಗಳಲ್ಲಿ ನೀವು ಕಂಡಿರಬಹುದು. ಅವರ ಬಾಳಿನ ಉದ್ದಕ್ಕೂ ಹರಿದ ಇನ್ನೊಂದು ಎಳೆಯನ್ನು, ಎಂದರೆ ಪಾಲಿನ ನ್ಯಾಯದ ಎಳೆಯನ್ನು, ಹಿಡಿದು ಅವರ ಚರಿತ್ರೆಯನ್ನು ಇಲ್ಲಿ ಹೇಳಲು ಯತ್ನಿಸುತ್ತೇನೆ.

ನರಸಿಂಗ ರಾಯರು ಜನಿಸಿದ್ದು 1887ರ ಫೆಬ್ರವರಿ 26ರಂದು, ಅಂದಿನ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ. ತಂದೆ ರಾಘವೇಂದ್ರ ರಾಯರು ವೈದ್ಯರು. ಚಿತ್ರಾಪುರ ಸಾರಸ್ವತರ ಮನೆತನ. ಮನೆಯ ಮಾತು ಕೊಂಕಣಿ, ಊರಿನ ಮಾತುಗಳು ತುಳು ಮತ್ತು ಕನ್ನಡ. ಆ ಕಾಲದಲ್ಲಿ ದಕ್ಷಿಣ ಕನ್ನಡವೂ ನಮ್ಮ ಅನಂತಪುರವೂ ಒಂದೇ ಮದರಾಸು ಪ್ರಾಂತ್ಯದಲ್ಲಿದ್ದವು. ಆದುದರಿಂದ ರಾಯರ ಬಾಲ್ಯದ ಸರಕಾರವೇ ನಮ್ಮ ಮುತ್ತಜ್ಜಂದಿರ ಸರಕಾರವೂ ಆಗಿತ್ತು. ಅಮ್ಮೆಂಬಳ ಸುಬ್ಬರಾವ್ ಪೈಗಳು 1891ರಲ್ಲಿ ಮಂಗಳೂರಿನಲ್ಲಿ ಸ್ಥಾಪಿಸಿದ ಕೆನರಾ ಹೈಸ್ಕೂಲಿನಲ್ಲಿ ಬಾಲಕನ ವಿದ್ಯಾಭ್ಯಾಸ ನಡೆಯಿತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಇಡೀ ಪ್ರಾಂತ್ಯಕ್ಕೆ ಮೊದಲಿಗನಾಗಿ ತೇರ್ಗಡೆಯಾದ ಈ ಹುಡುಗ ಮದರಾಸಿನ ಪ್ರೆಸಿಡೆನ್ಸಿ ಕಾಲೇಜನ್ನು ಸೇರಿದ. ಅಲ್ಲಿಂದ ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದ. ಗಣಿತ ಅವನ ಪ್ರಿಯ ವಿಷಯ. ಸಾಹಿತ್ಯದಲ್ಲಿಯೂ ಸಂಸ್ಕೃತದಲ್ಲಿಯೂ ಅಷ್ಟೇ ಗತಿ. ಲೆಕ್ಕದ ಖಚಿತತೆ ಮತ್ತು ಮಾತಿನ ಮೇಲಣ ಹಿಡಿತ ಎಂಬ ಎರಡು ಗುಣಗಳು ಮುಂದೆ ಅವರನ್ನು ದೇಶದ ಶ್ರೇಷ್ಠ ಕರಡುಕಾರರನ್ನಾಗಿ ಮಾಡಿದವು. ಅವರ ತಮ್ಮಂದಿರಲ್ಲಿ ಬೆನಗಲ್ ರಾಮ ರಾಯರು ರಿಸರ್ವ್ ಬ್ಯಾಂಕಿನ ಗವರ್ನರಾದರು. ಬೆನಗಲ್ ಶಿವ ರಾಯರು ಪತ್ರಕರ್ತರಾಗಿ, ಸಂವಿಧಾನ ರಚನಾ ಸಭೆಯ ಸದಸ್ಯರಾಗಿ ಹೆಸರು ಗಳಿಸಿದರು.

1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದ ರಾಯರು ಮರುವರ್ಷ ಬಂಗಾಳಕ್ಕೆ ನಿಯುಕ್ತರಾದರು. ಆಡಳಿತದ ಶಾಖೆಯಿಂದ ನ್ಯಾಯಾಂಗದ ಶಾಖೆಗೆ ಹೊರಳಿ ಜಿಲ್ಲಾ ನ್ಯಾಯಾಧೀಶರಾಗಿ ಕೆಲಸ ಮಾಡಿದರು. ಅಸ್ಸಾಮಿನಲ್ಲಿ ಕೆಲವು ವರ್ಷ ಶಾಸನ ಸಭೆಯ ಹಾಗೂ ಕಾನೂನು ಇಲಾಖೆಯ ಕಾರ್ಯದರ್ಶಿಯಾಗಿದ್ದಾಗ ಮಸೂದೆಗಳನ್ನು ಬರೆಯುವ ಕಲೆ ಅವರಿಗೆ ಕರಗತವಾಯಿತು. 1935ರ ಭಾರತ ಸರಕಾರದ ಕಾಯಿದೆ ಬಂದ ಮೇಲೆ ಹಳೆಯ ಶಾಸನಗಳನ್ನೆಲ್ಲ ಅದಕ್ಕೆ ಹೊಂದುವಂತೆ ಪರಿಷ್ಕರಿಸುವ ಬೃಹತ್ ಕಾರ್ಯ ಅವರ ಪಾಲಿಗೆ ಬಂದಿತು. ಅದನ್ನು ಮುಗಿಸಿಕೊಟ್ಟುದಕ್ಕಾಗಿ 1938ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ತರುವಾಯ ಅವರು ಕಲ್ಕತ್ತಾ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು. ಶಾಸನ ಬರೆಯುವವನ ಕೆಲಸ ವಿಚಿತ್ರವಾದುದು. ಅವನು ಬರೆದ ಪ್ರತಿಯೊಂದು ಪದವನ್ನೂ ವಕೀಲರು ದಶಕಗಳ ಕಾಲ ಒರೆಗೆ ಹಚ್ಚುತ್ತಾರೆ. ಅವನ ಹೆಸರು ಮಾತ್ರ ಆ ಹೊತ್ತಗೆಯ ಮೇಲೆ ಎಲ್ಲಿಯೂ ಇರುವುದಿಲ್ಲ. ರಾಯರು ಅಂತಹ ಬರವಣಿಗೆಯಲ್ಲಿಯೇ ತಮ್ಮ ಆಯುಷ್ಯದ ಬಹುಭಾಗವನ್ನು ಕಳೆದರು.

ನದಿಯ ಪಾಲಿನ ಪ್ರಶ್ನೆ ಅವರೆದುರು ಬಂದದ್ದು 1941ರಲ್ಲಿ. ಸಿಂಧೂ ನದಿಯ ಮೇಲ್ಭಾಗದಲ್ಲಿ ಪಂಜಾಬ್, ಕೆಳಭಾಗದಲ್ಲಿ ಸಿಂಧ್. ಮೇಲಿನವರು ಭಾಕ್ರಾ ಮೊದಲಾದ ಕಡೆ ನೀರನ್ನು ತಡೆದು ಬಳಸುವ ಯೋಜನೆಗಳನ್ನು ಹಾಕಿಕೊಂಡರು. ಕೆಳಗಿನವರಿಗೆ ದಿಗಿಲಾಯಿತು. ಸಿಂಧ್‌ನ ಅನೇಕ ಕಾಲುವೆಗಳಿಗೆ ಆಗ ಅಣೆಕಟ್ಟಿನ ಆಸರೆಯಿರಲಿಲ್ಲ. ನದಿ ಉಕ್ಕಿದಾಗ ತಾವೂ ತುಂಬಿಕೊಳ್ಳುವ ಕಾಲುವೆಗಳು ಅವು. ಪ್ರವಾಹದ ಮಟ್ಟ ಒಂದೆರಡು ಅಡಿ ಇಳಿದರೂ ಬಾಯಿ ತೆರೆದು ಕಾಯುತ್ತಿದ್ದ ಕಾಲುವೆಗೆ ನೀರು ಏರುತ್ತಿರಲಿಲ್ಲ. ಈ ದೂರನ್ನು ವಿಚಾರಿಸಲು ನೇಮಕವಾದ ಆಯೋಗಕ್ಕೆ ರಾಯರು ಅಧ್ಯಕ್ಷರು. ಇಬ್ಬರು ಎಂಜಿನಿಯರುಗಳು ಸದಸ್ಯರು. 1942ರಲ್ಲಿ ವರದಿ ಸಿದ್ಧವಾಯಿತು.

ಆ ವರದಿಯ ತಿರುಳು ಹೀಗಿತ್ತು. ನದಿಯ ಪಾಲಿನ ಜಗಳ ಪರಸ್ಪರ ಒಪ್ಪಂದದಿಂದ ಬಗೆಹರಿಯುವುದೇ ಎಲ್ಲಕ್ಕಿಂತ ಮೇಲು. ಒಪ್ಪಂದವಾಗದಿದ್ದರೆ ಪ್ರತಿಯೊಂದು ಪ್ರಾಂತ್ಯಕ್ಕೂ ನ್ಯಾಯವಾದ ಪಾಲು ಸಲ್ಲಬೇಕು. ನದಿ ತನ್ನ ನೆಲದಲ್ಲಿ ಹರಿಯುತ್ತದೆಂಬ ಕಾರಣಕ್ಕೆ ಮೇಲಿನವನು ತನ್ನಿಷ್ಟದಂತೆ ಎಲ್ಲವನ್ನೂ ತಡೆಯಲಾಗದು. ಮೊದಲಿನಿಂದ ಹರಿದುಬಂದ ಒಂದು ಹನಿಯೂ ಕಡಿಮೆಯಾಗಬಾರದೆಂದು ಕೆಳಗಿನವನು ಹಟ ಹಿಡಿಯುವಂತೆಯೂ ಇಲ್ಲ. ಪಂಜಾಬಿನ ಯೋಜನೆಗಳಿಂದ ಸಿಂಧ್‌ಗೆ, ವಿಶೇಷವಾಗಿ ಸೆಪ್ಟೆಂಬರ್ ತಿಂಗಳಲ್ಲಿ, ನಿಜವಾದ ಹಾನಿಯಾಗುವುದೆಂದು ಆಯೋಗ ಕಂಡುಕೊಂಡಿತು. ವರದಿ ಎರಡೂ ಕಡೆಯವರಿಗೆ ರುಚಿಸಲಿಲ್ಲ. ಇಬ್ಬರೂ ಲಂಡನ್ನಿನವರೆಗೆ ಮೇಲ್ಮನವಿ ಒಯ್ದರು. ಅದು ತೀರ್ಮಾನವಾಗುವ ಮೊದಲೇ ದೇಶ ಇಬ್ಭಾಗವಾಯಿತು. ಕಾರ್ಯತಃ ಅದು ಸೋಲು. ಆದರೆ ನ್ಯಾಯವಾದ ಪಾಲೆಂಬ ಆ ತತ್ತ್ವ ನದಿಗಳ ವ್ಯಾಜ್ಯದಲ್ಲಿ ಇಂದಿಗೂ ಎಲ್ಲರೂ ಹಿಂದಿರುಗಿ ಬರುವ ನೆಲೆಯಾಗಿ ಉಳಿದಿದೆ. ನಮ್ಮ ಸೀಮೆಯವರಿಗೆ ಇದು ಅಪರಿಚಿತವಾದ ಮಾತಲ್ಲ. ಕರ್ನಾಟಕದಲ್ಲಿ ಹುಟ್ಟಿದ ಜಯಮಂಗಲಿ ಪರಿಗಿಯ ಬಳಿ ಪಿನಾಕಿನಿಯನ್ನು ಸೇರುತ್ತದೆ. ಪಿನಾಕಿನಿ, ವೇದಾವತಿಗಳ ನೀರನ್ನು ಕುರಿತು ಮೈಸೂರಿಗೂ ಮದರಾಸಿಗೂ 1892ರಲ್ಲಿಯೇ ಒಪ್ಪಂದವಾಗಿತ್ತು. ನಾವು ಒಂದು ಕಡೆಯಿಂದ ನೋಡಿದರೆ ಕೆಳಗಿನವರು, ಇನ್ನೊಂದು ಕಡೆಯಿಂದ ಮೇಲಿನವರು.

ಅದೇ 1941ರಲ್ಲಿ ಹಿಂದೂ ಕಾನೂನಿನ ಸುಧಾರಣೆಗಾಗಿ ನೇಮಕವಾದ ಸಮಿತಿಗೂ ರಾಯರೇ ಅಧ್ಯಕ್ಷರಾದರು. ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಪಾಲಿರಬೇಕೆಂದು ಆ ಸಮಿತಿ ಸೂಚಿಸಿತು. ಅದಕ್ಕಾಗಿ ಊರೂರಿನಲ್ಲಿ ಸಂಪ್ರದಾಯಸ್ಥರ ಪ್ರತಿಭಟನೆಯನ್ನು ಎದುರಿಸಿತು. ನದಿಯ ವರದಿಯನ್ನೂ ಮನೆತನದ ಆಸ್ತಿಯ ವರದಿಯನ್ನೂ ಒಟ್ಟಿಗೆ ಇಟ್ಟು ನೋಡಿದರೆ ರಾಯರ ಮನಸ್ಸು ಯಾವ ಕಡೆ ತಿರುಗಿತ್ತೆಂಬುದು ತಿಳಿಯುತ್ತದೆ. ಪಾಲು ಕೇಳುವ ಬಲವಿಲ್ಲದವರಿಗೆ ಪಾಲನ್ನು ಬರಹದಲ್ಲಿ ಕಟ್ಟಿಕೊಡುವುದು ಅವರ ವೃತ್ತಿಧರ್ಮವಾಗಿತ್ತು.

1944ರಲ್ಲಿ ನ್ಯಾಯಾಧೀಶ ಪದವಿಯಿಂದ ನಿವೃತ್ತರಾಗಿ ಕೆಲಕಾಲ ಜಮ್ಮು ಕಾಶ್ಮೀರದ ಪ್ರಧಾನಿಯಾಗಿದ್ದು ಹಿಂದಿರುಗಿದ ರಾಯರನ್ನು 1946ರಲ್ಲಿ ಸಂವಿಧಾನ ರಚನಾ ಸಭೆಯ ಸಂವಿಧಾನ ಸಲಹೆಗಾರರನ್ನಾಗಿ ನೇಮಿಸಲಾಯಿತು. ನಾನಾ ದೇಶಗಳ ಸಂವಿಧಾನಗಳನ್ನು ಹೋಲಿಸಿ ಸದಸ್ಯರಿಗೆ ಟಿಪ್ಪಣಿಗಳನ್ನು ಸಿದ್ಧಪಡಿಸಿಕೊಟ್ಟರು. ಅಮೆರಿಕ, ಕೆನಡಾ, ಐರ್ಲೆಂಡ್, ಬ್ರಿಟನ್‌ಗಳಿಗೆ ಹೋಗಿ ಅಲ್ಲಿಯ ನ್ಯಾಯವೇತ್ತರೊಡನೆ ಚರ್ಚಿಸಿದರು. 1947ರ ಅಕ್ಟೋಬರ್ ವೇಳೆಗೆ ಸಂವಿಧಾನದ ಮೊದಲ ಕರಡು ಅವರ ಕೈಯಿಂದ ಹೊರಬಂದಿತು. ಡಾ. ಅಂಬೇಡ್ಕರರ ಅಧ್ಯಕ್ಷತೆಯ ಕರಡು ಸಮಿತಿ ಅದನ್ನು ಆಧಾರವಾಗಿಟ್ಟುಕೊಂಡು ಆಳವಾಗಿ ಪರಿಶೀಲಿಸಿ ಹೊಸ ರೂಪ ಕೊಟ್ಟಿತು. ಸಂವಿಧಾನ ರಚನಾ ಸಭೆಯ ಕೊನೆಯ ಭಾಷಣದಲ್ಲಿ ಅಂಬೇಡ್ಕರರು ತಮಗೆ ಸಲ್ಲಿದ ಮನ್ನಣೆಯಲ್ಲಿ ಒಂದು ಭಾಗ ರಾಯರಿಗೆ ಸೇರಬೇಕೆಂದು ಮುಕ್ತಕಂಠದಿಂದ ಹೇಳಿದರು. ಬರ್ಮಾ ದೇಶದ ಸಂವಿಧಾನ ರಚನೆಗೂ ರಾಯರ ನೆರವು ದೊರೆಯಿತು.

ಸಂವಿಧಾನದ ಏಳನೆಯ ಅನುಸೂಚಿಯನ್ನು ತೆರೆದು ನೋಡಿದರೆ ಮೀನು ಅಲ್ಲಿಯೂ ಎರಡು ಪಾಲಾಗಿರುವುದು ಕಾಣುತ್ತದೆ. ರಾಜ್ಯಪಟ್ಟಿಯ 21ನೆಯ ನಮೂದು ಮೀನುಗಾರಿಕೆಯನ್ನು ರಾಜ್ಯಗಳಿಗೆ ಕೊಟ್ಟಿದೆ. ಪ್ರಾದೇಶಿಕ ಜಲವಲಯದ ಆಚೆಗಿನ ಮೀನುಗಾರಿಕೆ ಕೇಂದ್ರಪಟ್ಟಿಯ 57ನೆಯ ನಮೂದಿನಲ್ಲಿದೆ. 1935ರ ಕಾಯಿದೆಯ ಪಟ್ಟಿಗಳಿಂದ ಇಳಿದುಬಂದ ವಿಭಜನೆ ಇದು. ಕೆರೆಯ ಮೀನು, ಹೊಳೆಯ ಮೀನು, ದಡಕ್ಕೆ ಹತ್ತಿರದ ಕಡಲಮೀನು ರಾಜ್ಯದ ಹೊಣೆ. ಅದರಾಚೆಗಿನದು ಕೇಂದ್ರದ ಹೊಣೆ. ಮೀನಿಗೆ ಈ ಗೆರೆ ತಿಳಿಯದು. ದಡದ ಬಳಿ ಬೆಳೆದು ಆಳಕ್ಕೆ ಹೋಗುವ, ಆಳದಿಂದ ಮೊಟ್ಟೆಯಿಡಲು ದಡಕ್ಕೆ ಬರುವ ಮೀನುಗಳು ಎರಡು ಸರಕಾರಗಳ ನಡುವೆ ಓಡಾಡುತ್ತಲೇ ಇರುತ್ತವೆ. ಒಂದು ದೇಶದೊಳಗೆ ಹೀಗಾದರೆ ಜಗತ್ತಿನ ಮಟ್ಟದಲ್ಲಿ ತೊಡಕು ಎಷ್ಟಿರಬೇಡ!

ಆ ತೊಡಕು ಅಂದು ಬಿಗಡಾಯಿಸಿತ್ತು. ಶತಮಾನಗಳಿಂದ ಬಂದ ರೂಢಿಯಂತೆ ಬಹಳಷ್ಟು ದೇಶಗಳು ದಡದಿಂದ 3 ನಾಟಿಕಲ್ ಮೈಲಿಯಷ್ಟು ನೀರನ್ನು ತಮ್ಮದೆಂದು ಎಣಿಸುತ್ತಿದ್ದವು. ಆಚೆಗಿನದು ಮುಕ್ತ ಸಮುದ್ರ, ಯಾರು ಬೇಕಾದರೂ ಹೋಗಿ ಹಿಡಿಯಬಹುದು. ಕಡಲಿನ ಮೀನಿಗೆ ಕೊನೆಯಿಲ್ಲವೆಂಬ ನಂಬಿಕೆ ಈ ರೂಢಿಯ ಹಿಂದಿತ್ತು. ಉಗಿಯಂತ್ರದ ಹಡಗುಗಳೂ ಟ್ರಾಲ್ ಬಲೆಗಳೂ ಬಂದ ಮೇಲೆ ಆ ನಂಬಿಕೆ ಕುಸಿಯತೊಡಗಿತು. ತಿಮಿಂಗಿಲಗಳ ಸಂತತಿ ಅಳಿಯುವ ಸ್ಥಿತಿಗೆ ಬಂದು 1946ರಲ್ಲಿ ಅವುಗಳ ಬೇಟೆಯನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಡಂಬಡಿಕೆಯನ್ನೇ ಮಾಡಿಕೊಳ್ಳಬೇಕಾಯಿತು. 1945ರ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಅಧ್ಯಕ್ಷ ಟ್ರೂಮನ್ ಎರಡು ಘೋಷಣೆಗಳನ್ನು ಹೊರಡಿಸಿ ತಮ್ಮ ಕರಾವಳಿಗೆ ತಾಗಿದ ಕಡಲತಳದ ಸಂಪತ್ತಿನ ಮೇಲೆ ಹಕ್ಕು ಸಾಧಿಸಿದರು. ಹತ್ತಿರದ ಮುಕ್ತ ಸಮುದ್ರದಲ್ಲಿ ಮೀನು ರಕ್ಷಣೆಯ ವಲಯಗಳನ್ನು ಮಾಡುವ ಅಧಿಕಾರವನ್ನೂ ಹೇಳಿಕೊಂಡರು. ಅದನ್ನು ನೋಡಿ ಚಿಲಿ, ಪೆರು ದೇಶಗಳು 1947ರಲ್ಲಿ 200 ಮೈಲಿಯವರೆಗೆ ತಮ್ಮ ಹಕ್ಕನ್ನು ಸಾರಿದವು. ಪ್ರತಿಯೊಬ್ಬನೂ ತನ್ನ ಹೊಲದ ಬದುವನ್ನು ತಾನೇ ಸರಿಸಿಕೊಂಡಂತಾಯಿತು.

ಈ ಗೊಂದಲದ ನಡುವೆ ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಕಾನೂನು ಆಯೋಗವನ್ನು ಸ್ಥಾಪಿಸಿತು. 1948ರಲ್ಲಿ ಸಾಮಾನ್ಯ ಸಭೆ ಚುನಾಯಿಸಿದ ಅದರ ಹದಿನೈದು ಸದಸ್ಯರಲ್ಲಿ ರಾಯರೊಬ್ಬರು. 1949ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಲೇಕ್ ಸಕ್ಸೆಸ್‌ನಲ್ಲಿ ಮೊದಲ ಅಧಿವೇಶನ ಕೂಡಿದಾಗ ಅಮೆರಿಕದ ಮ್ಯಾನ್ಲಿ ಹಡ್ಸನ್ ಅಧ್ಯಕ್ಷರಾದರು. ರಾಯರು ಇಬ್ಬರು ಉಪಾಧ್ಯಕ್ಷರಲ್ಲಿ ಒಬ್ಬರಾದರು. ಆಯೋಗ ಹದಿನಾಲ್ಕು ವಿಷಯಗಳನ್ನು ಪಟ್ಟಿ ಮಾಡಿ, ಅವುಗಳಲ್ಲಿ ಮೂರನ್ನು ಮೊದಲು ಕೈಗೆತ್ತಿಕೊಳ್ಳಲು ನಿರ್ಧರಿಸಿತು. ಆ ಮೂರರಲ್ಲಿ ಮುಕ್ತ ಸಮುದ್ರದ ವ್ಯವಸ್ಥೆಯೂ ಒಂದು. ನೆದರ್ಲೆಂಡ್ಸಿನ ಫ್ರಾನ್ಸ್ವಾ ಎಂಬ ವಿದ್ವಾಂಸರನ್ನು ಅದರ ವಿಶೇಷ ವರದಿಗಾರರನ್ನಾಗಿ ಆರಿಸಲಾಯಿತು. ಮೀನನ್ನೇ ನಂಬಿ ಬದುಕುವ ಐಸ್‌ಲೆಂಡ್ ಒತ್ತಾಯಿಸಿದ್ದರಿಂದ ಅದೇ ವರ್ಷದ ಕೊನೆಯಲ್ಲಿ ಪ್ರಾದೇಶಿಕ ಜಲವಲಯದ ವಿಷಯವನ್ನೂ ಸೇರಿಸಿಕೊಳ್ಳುವಂತೆ ಸಾಮಾನ್ಯ ಸಭೆ ಶಿಫಾರಸು ಮಾಡಿತು.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಕಡಲಿನ ನಿಯಮಗಳನ್ನು ರಾಯರೇ ಬರೆದರೆಂದು ಹೇಳಿದರೆ ಅದು ಅಭಿಮಾನದ ಮಾತಾದೀತು, ಚರಿತ್ರೆಯಾಗದು. ಕರಡಿನ ಭಾರವನ್ನು ಹೊತ್ತವರು ಫ್ರಾನ್ಸ್ವಾ. ರಾಯರ ಪಾತ್ರ ಕೆಲಸ ಆರಂಭವಾದ ಹೊತ್ತಿನಲ್ಲಿ ಆ ಮೇಜಿನಲ್ಲಿದ್ದ ಹಿರಿಯನದು. ಕೇವಲ ಎರಡು ವರ್ಷ ಹಿಂದೆ ಸ್ವತಂತ್ರವಾದ, ದೊಡ್ಡ ಮೀನುಗಾರಿಕೆಯ ಹಡಗುಪಡೆಯಿಲ್ಲದ ದೇಶವೊಂದರ ಪ್ರತಿಭೆ ಅಲ್ಲಿ ಇದ್ದುದೇ ಗಣನೀಯ ಸಂಗತಿ. ನದಿಯ ಪಾಲನ್ನು ಅಳೆದ ಅನುಭವವನ್ನು ಹೊತ್ತು ಅಂತಹ ಸಭೆಗೆ ಬಂದವರು ವಿರಳ.

1951ರಲ್ಲಿ ಆಯೋಗ ಪ್ರಕಟಿಸಿದ ಕರಡಿನಲ್ಲಿ ಮೀನಿನ ರಕ್ಷಣೆಯ ಮಾತು ಬಂದಿತು. ಒಂದು ಭಾಗದಲ್ಲಿ ಹಲವು ದೇಶದವರು ಮೀನು ಹಿಡಿಯುತ್ತಿದ್ದರೆ ಅವರೆಲ್ಲರೂ ಕೂಡಿ ಒಪ್ಪಿಕೊಂಡು ನಿಯಮ ಮಾಡಬೇಕೆಂಬುದು ಅದರ ಆಶಯ. ಒಪ್ಪಂದವೇ ಮೊದಲ ದಾರಿ ಎಂಬ ಸಿಂಧೂ ವರದಿಯ ಕ್ರಮವೇ ಇಲ್ಲಿಯೂ ಕಾಣುತ್ತದೆ. ಒಪ್ಪಂದವಾಗದಿದ್ದರೆ? ವಿಶ್ವಸಂಸ್ಥೆಯ ಚೌಕಟ್ಟಿನಲ್ಲಿ ಒಂದು ಅಂತರರಾಷ್ಟ್ರೀಯ ಪ್ರಾಧಿಕಾರವನ್ನು ರಚಿಸಿ, ಅದು ವಿಧಿಸುವ ಮೀನುಗಾರಿಕೆಯ ನಿಯಮಗಳಿಗೆ ಎಲ್ಲ ದೇಶಗಳೂ ಬದ್ಧವಾಗಬೇಕೆಂದು ಆಯೋಗ 1953ರಲ್ಲಿ ಇನ್ನೂ ಖಚಿತವಾಗಿ ಬರೆಯಿತು. ಆ ವೇಳೆಗೆ ರಾಯರು ಆಯೋಗವನ್ನು ಬಿಟ್ಟಿದ್ದರು. ನಮ್ಮ ಸೀಮೆಯ ಮಾತಿನಲ್ಲಿ ಹೇಳುವುದಾದರೆ ಆಯೋಗ ಕೇಳಿದ್ದು ಕಡಲಿಗೊಬ್ಬ ನೀರುಗಂಟಿಯನ್ನು.

ರಾಯರ ಜೀವನ ಇಷ್ಟರಲ್ಲಿ ಬೇರೆ ಬಿರುಗಾಳಿಗಳಲ್ಲಿ ಸಿಲುಕಿತ್ತು. ವಿಶ್ವಸಂಸ್ಥೆಯಲ್ಲಿ ಭಾರತದ ಖಾಯಂ ಪ್ರತಿನಿಧಿಯಾಗಿದ್ದ ಅವರು 1950ರ ಜೂನ್ ತಿಂಗಳಲ್ಲಿ ಸರದಿಯಂತೆ ಭದ್ರತಾ ಮಂಡಳಿಯ ಅಧ್ಯಕ್ಷರಾಗಿದ್ದರು. ಆ ತಿಂಗಳ 25ರಂದೇ ಕೊರಿಯಾದ ಯುದ್ಧ ಸಿಡಿಯಿತು. ವರ್ಷದ ಕೊನೆಯಲ್ಲಿ ಕದನವಿರಾಮದ ಆಧಾರವನ್ನು ಹುಡುಕಲು ನೇಮಕವಾದ ಮೂವರ ತಂಡದಲ್ಲಿ ಇರಾನಿನ ಎಂತೆಜಾಮ್, ಕೆನಡಾದ ಪಿಯರ್ಸನ್‌ರ ಜೊತೆಗೆ ರಾಯರಿದ್ದರು. ಆ ಪ್ರಯತ್ನವೂ ಕೂಡಲೇ ಫಲಿಸಲಿಲ್ಲ. ಎರಡು ಬಣಗಳೂ ಅವರನ್ನು ತಮ್ಮವರೆಂದು ಪೂರ್ತಿಯಾಗಿ ನಂಬಲಿಲ್ಲ. ಸಿಂಧೂ ವರದಿಯಲ್ಲಿ ಕಂಡ ಕಷ್ಟವೇ ಇಲ್ಲಿಯೂ ಮರುಕಳಿಸಿತು. ತೂಬಿನ ಬಳಿ ನಿಂತವನಿಗೆ ಎರಡು ಕಡೆಯ ಬೈಗುಳವೂ ತಪ್ಪದು.

1951ರ ಡಿಸೆಂಬರ್‌ನಲ್ಲಿ ರಾಯರು ಹೇಗ್ ನಗರದ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾಗಿ ಚುನಾಯಿತರಾದರು. ಅದೇ ತಿಂಗಳ 18ರಂದು ಆ ನ್ಯಾಯಾಲಯ ಬ್ರಿಟನ್ ಮತ್ತು ನಾರ್ವೆಗಳ ನಡುವಣ ಮೀನುಗಾರಿಕೆಯ ವ್ಯಾಜ್ಯದಲ್ಲಿ ತೀರ್ಪು ಕೊಟ್ಟಿತ್ತು. ನಾರ್ವೆಯ ಕರಾವಳಿ ನೂರಾರು ದ್ವೀಪಗಳಿಂದ, ಒಳಚಾಚಿದ ಕೊಲ್ಲಿಗಳಿಂದ ಹರಿದು ಚಿಂದಿಯಾದಂಥದು. ಅದರ ಹೊರಬದಿಯ ಬಂಡೆಗಳನ್ನು ನೇರಗೆರೆಗಳಿಂದ ಜೋಡಿಸಿ ಒಳಗಿನ ನೀರೆಲ್ಲ ತನ್ನ ಬೆಸ್ತರದೆಂದು ನಾರ್ವೆ ವಾದಿಸಿತ್ತು. ಬ್ರಿಟಿಷ್ ಟ್ರಾಲರುಗಳು ಅಲ್ಲಿಗೆ ನುಗ್ಗುತ್ತಿದ್ದವು. ನ್ಯಾಯಾಲಯ ನಾರ್ವೆಯ ಪಕ್ಷವನ್ನು ಎತ್ತಿಹಿಡಿಯಿತು. ಗೆರೆ ಎಳೆಯುವಾಗ ನಕ್ಷೆಯ ಜೊತೆಗೆ ಆ ದಡದ ಜನ ಬಹುಕಾಲದಿಂದ ಹೊಟ್ಟೆಪಾಡಿಗೆ ಆ ನೀರನ್ನು ನಂಬಿರುವುದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಹುದೆಂದು ಆ ತೀರ್ಪು ಒಪ್ಪಿತು. ಅಂತಹ ನ್ಯಾಯಾಲಯದಲ್ಲಿ 1952ರ ಫೆಬ್ರವರಿಯಲ್ಲಿ ರಾಯರು ಆಸನವನ್ನು ಸ್ವೀಕರಿಸಿದರು.

ಅಲ್ಲಿ ಅವರಿಗೆ ದೊರೆತ ಕಾಲ ಎರಡು ವರ್ಷವೂ ಅಲ್ಲ. ಆರೋಗ್ಯ ಕೆಟ್ಟಿತು. 1953ರ ನವೆಂಬರ್ 30ರಂದು ಸ್ವಿಟ್ಜರ್ಲೆಂಡಿನ ಜೂರಿಕ್ ನಗರದಲ್ಲಿ ಅವರು ತೀರಿಕೊಂಡರು. ಕಡಲ ದಡದಲ್ಲಿ ಬಾಳನ್ನು ಆರಂಭಿಸಿದವರು ಕಡಲೇ ಇಲ್ಲದ ದೇಶದಲ್ಲಿ ಕೊನೆಯುಸಿರೆಳೆದರು. ಅದಕ್ಕೆ ಎರಡು ತಿಂಗಳ ಮೊದಲು, ಅಕ್ಟೋಬರ್ 1ರಂದು, ಆಂಧ್ರ ರಾಜ್ಯ ಜನಿಸಿತ್ತು. ಅನಂತಪುರ ಜಿಲ್ಲೆಯೊಡನೆ ಮಡಕಶಿರಾ, ಅಗಳಿಗಳೂ, ಬಳ್ಳಾರಿ ಜಿಲ್ಲೆಯಿಂದ ಬೇರ್ಪಟ್ಟ ರಾಯದುರ್ಗವೂ ಆ ರಾಜ್ಯಕ್ಕೆ ಸೇರಿದವು. ಗೆರೆಗಳು ಮನುಷ್ಯರ ನಡುವೆಯೂ ಹೀಗೆಯೇ ಬೀಳುತ್ತವೆ. ಗೆರೆಯ ಇತ್ತ ಉಳಿದವರ ಭಾಷೆಗೂ ಬದುಕಿಗೂ ಸಲ್ಲಬೇಕಾದ ಪಾಲು ಬರಹದಲ್ಲಿ ಇರಬೇಕೆಂಬುದನ್ನು ಕನ್ನಡ ಐಚ್ಛಿಕ ತರಗತಿಯಲ್ಲಿ ಕುಳಿತಿರುವ ನಿಮಗೆ ನಾನು ವಿವರಿಸಬೇಕಾಗಿಲ್ಲ.

ರಾಯರ ನಂತರ ಕಡಲಿನ ಕಥೆ ಮುಂದುವರಿಯಿತು. ಆಯೋಗದ ಕರಡುಗಳ ಆಧಾರದ ಮೇಲೆ 1958ರಲ್ಲಿ ಜಿನೀವಾದಲ್ಲಿ ನಾಲ್ಕು ಒಡಂಬಡಿಕೆಗಳಾದವು. ಅವುಗಳಲ್ಲಿ ಒಂದು ಮುಕ್ತ ಸಮುದ್ರದ ಮೀನುಗಾರಿಕೆಗೂ ಜೀವಸಂಪತ್ತಿನ ರಕ್ಷಣೆಗೂ ಮೀಸಲಾದದ್ದು. ಆದರೆ ಎಲ್ಲರನ್ನೂ ಕಟ್ಟಿಹಾಕುವ ಪ್ರಾಧಿಕಾರ ಅದರಲ್ಲಿ ಉಳಿಯಲಿಲ್ಲ. ಜಗಳ ಬಂದಾಗ ಐವರ ವಿಶೇಷ ಆಯೋಗವೊಂದು ಕೂಡಿ ತೀರ್ಮಾನಿಸುವ ವ್ಯವಸ್ಥೆ ಮಾತ್ರ ಬಂದಿತು. ದೂರದ ಕಡಲಿಗೆ ಹೋಗಿ ಮೀನು ಹಿಡಿಯುವ ಕೆಲವು ದೊಡ್ಡ ದೇಶಗಳು ಆ ಒಡಂಬಡಿಕೆಯನ್ನು ಸೇರಲೇ ಇಲ್ಲ. 1982ರಲ್ಲಿ ವಿಶ್ವಸಂಸ್ಥೆಯ ಸಮಗ್ರ ಕಡಲ ಒಡಂಬಡಿಕೆ ಬಂದು, 12 ನಾಟಿಕಲ್ ಮೈಲಿಯ ಪ್ರಾದೇಶಿಕ ಸಮುದ್ರವನ್ನೂ 200 ನಾಟಿಕಲ್ ಮೈಲಿಯ ಅನನ್ಯ ಆರ್ಥಿಕ ವಲಯವನ್ನೂ ಸ್ಥಿರಪಡಿಸಿತು. ಭಾರತ 1976ರಲ್ಲಿಯೇ ತನ್ನ ಕಾಯಿದೆಯಲ್ಲಿ ಇದನ್ನು ಅಳವಡಿಸಿಕೊಂಡಿತ್ತು. ಗೆರೆಗಳನ್ನು ದಾಟಿ ಅಲೆಯುವ ಮೀನುಗಳಿಗಾಗಿ 1995ರಲ್ಲಿ ಇನ್ನೊಂದು ಒಪ್ಪಂದವಾಯಿತು. ಹಿಂದೂ ಮಹಾಸಾಗರದ ಟ್ಯೂನಾ ಮೀನಿಗಾಗಿ ಸೀಶೆಲ್ಸ್‌ನಲ್ಲಿ ಕಚೇರಿಯುಳ್ಳ ಆಯೋಗವೊಂದಿದೆ; ಭಾರತವೂ ಅದರ ಸದಸ್ಯ. 2023ರಲ್ಲಿ ಯಾವ ದೇಶಕ್ಕೂ ಸೇರದ ಕಡಲಿನ ಜೀವವೈವಿಧ್ಯಕ್ಕಾಗಿ ಮತ್ತೊಂದು ಒಪ್ಪಂದಕ್ಕೆ ವಿಶ್ವಸಂಸ್ಥೆ ಅಂಗೀಕಾರ ಕೊಟ್ಟಿತು. ಇಷ್ಟಾದರೂ 1953ರಲ್ಲಿ ಆಯೋಗ ಕೇಳಿದ ನೀರುಗಂಟಿ ಬರಲಿಲ್ಲ. ಕಾಲುವೆಗೊಬ್ಬೊಬ್ಬ ಕಾವಲುಗಾರರು ಬಂದಿದ್ದಾರೆ. ತೂಬಿನ ಕೀಲಿ ಇನ್ನೂ ಒಬ್ಬರ ಕೈಯಲ್ಲಿಲ್ಲ.

ಇದು ದೂರದ ಮಾತೆಂದು ತಿಳಿಯಬೇಡಿ. ರಾಯರು ಹುಟ್ಟಿದ ಕರಾವಳಿಯನ್ನೇ ನೋಡಿ. ಅಲ್ಲಿ ಹಿಂದೆ ರಂಪಣಿ ಎಂಬ ದೈತ್ಯ ಬಲೆಯನ್ನು ದಡದಿಂದ ಎಳೆಯುತ್ತಿದ್ದರು. ಹತ್ತಾರು ಮಂದಿ ಕೂಡಿ ಎಳೆದು, ಸಿಕ್ಕ ಬಂಗುಡೆ, ಬೂತಾಯಿಗಳನ್ನು ಪಾಲು ಹಾಕಿಕೊಳ್ಳುತ್ತಿದ್ದರು. 1970ರ ದಶಕದ ನಡುವಿನಲ್ಲಿ ಯಾಂತ್ರಿಕ ದೋಣಿಗಳ ಪರ್ಸಿನ್ ಬಲೆ ಬಂದು ಮೀನು ದಡಕ್ಕೆ ಬರುವ ಮೊದಲೇ ಸುತ್ತುವರಿಯತೊಡಗಿದ ಮೇಲೆ ರಂಪಣಿಯ ಕಾಲ ಮುಗಿಯಿತು. ತೂಬಿನ ಬುಡದಲ್ಲಿ ಹೊಸಬರು ಬಂದು ಕುಳಿತರು. ದಡದಲ್ಲಿ ಹಗ್ಗ ಹಿಡಿದು ನಿಂತವರು ಕೊನೆಯ ಗದ್ದೆಯವರಾದರು. 1986ರಲ್ಲಿ ಕರ್ನಾಟಕ ಕಡಲ ಮೀನುಗಾರಿಕೆಯ ನಿಯಂತ್ರಣ ಕಾಯಿದೆಯನ್ನು ಮಾಡಿತು. ಈಗ ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಅನೇಕ ಮೀನುಗಳು ಮರಿ ಮಾಡುವ ಕಾಲವದು. ರಾತ್ರಿ ಪ್ರಖರವಾದ ದೀಪ ಹಾಕಿ ಮೀನನ್ನು ಸೆಳೆದು ಹಿಡಿಯುವುದನ್ನು ಕೇಂದ್ರ ಸರಕಾರ 2017ರಲ್ಲಿ ನಿಷೇಧಿಸಿತು. ನಿಷೇಧವಿದ್ದರೂ ಅದರ ಜಗಳ ನಿಂತಿಲ್ಲ. ದಡದ ಹತ್ತಿರ ರಾಜ್ಯದ ನಿಯಮ, ದೂರದಲ್ಲಿ ಕೇಂದ್ರದ ನಿಯಮ. ಎರಡರ ನಡುವೆ ನುಸುಳುವುದು ಬಲ್ಲವರಿಗೆ ಸುಲಭ. ಏಳನೆಯ ಅನುಸೂಚಿಯ ಆ ಎರಡು ನಮೂದುಗಳ ಅರ್ಥ ಅಲ್ಲಿಯ ಸಣ್ಣ ದೋಣಿಯವರಿಗೆ ದಿನನಿತ್ಯದ ಊಟದ ಪ್ರಶ್ನೆ.

ರಾಯರ ಬಾಳನ್ನು ಸಫಲವೆನ್ನಬೇಕೋ ವಿಫಲವೆನ್ನಬೇಕೋ? ಸಿಂಧೂ ವರದಿ ಕಪಾಟು ಸೇರಿತು. ಕೊರಿಯಾದ ಶಾಂತಿಯತ್ನ ಅಂದು ಕೈಗೂಡಲಿಲ್ಲ. ಹಿಂದೂ ಕಾನೂನಿನ ಸುಧಾರಣೆ ಅವರ ಕಣ್ಣೆದುರು ಶಾಸನವಾಗಲಿಲ್ಲ. ಅದು ತುಂಡುತುಂಡಾಗಿ ಜಾರಿಯಾದದ್ದು 1955, 1956ರಲ್ಲಿ. ಕಡಲಿನ ಕಾನೂನಂತೂ ಅವರಿದ್ದಾಗ ಮೊದಲ ಹೆಜ್ಜೆಯಲ್ಲಿತ್ತು. ಪೂರ್ಣವಾಗಿ ನಿಂತದ್ದು ಸಂವಿಧಾನವೊಂದೇ. ಅದರಲ್ಲಿಯೂ ಅವರದು ಅಡಿಪಾಯದ ಕಲ್ಲಿನಂತೆ ಕಾಣದ ಭಾಗ. ಆದರೆ ಮುಂದೆ ಬಂದವರು ಎಲ್ಲೆಲ್ಲಿ ನ್ಯಾಯವಾದ ಪಾಲಿಗಾಗಿ ಹೋರಾಡಿದರೋ ಅಲ್ಲೆಲ್ಲ ಕೈಗೆ ಸಿಗುವಂತೆ ಒಂದು ಬರಹ ಮೊದಲೇ ಸಿದ್ಧವಾಗಿತ್ತು. ಹೋರಾಟ ಜನರದು, ಆಧಾರ ಬರಹದ್ದು. ಇಂತಹ ಬರಹಕ್ಕೆ ಹೆಸರು ಬಾರದಿದ್ದರೂ ಅದನ್ನು ಯಾರಾದರೂ ಶ್ರದ್ಧೆಯಿಂದ ಬರೆದಿಡಬೇಕಾಗುತ್ತದೆ.

ಕನ್ನಡವನ್ನು ಐಚ್ಛಿಕವಾಗಿ ಓದಿ ಏನಾಗುತ್ತೇವೆಂದು ನಿಮ್ಮಲ್ಲಿ ಕೆಲವರು ಪ್ರತಿವರ್ಷ ನನ್ನನ್ನು ಕೇಳುತ್ತೀರಿ. ಕವಿಗಳಾಗಿ ಎಂದು ನಾನು ಹೇಳಲಾರೆ. ಗ್ರಾಮಸಭೆಯ ಠರಾವನ್ನು, ಕೆರೆ ಬಳಕೆದಾರರ ಅರ್ಜಿಯನ್ನು, ಒಣಗಿದ ಕೊನೆಯ ಗದ್ದೆಯವನ ದೂರನ್ನು ಎರಡರ್ಥಕ್ಕೆ ಎಡೆಯಿಲ್ಲದಂತೆ ಬರೆಯಬಲ್ಲವರಾದರೆ ಅದು ಸಣ್ಣ ವಿದ್ಯೆಯಲ್ಲ. ಅದಕ್ಕೆ ಮೊದಲು ಪದಗಳು ಕೈಯಲ್ಲಿರಬೇಕು. ಈ ರಜೆಯಲ್ಲಿ ನಿಮ್ಮ ಊರಿನಲ್ಲಿ ನೀರುಗಂಟಿಯ ಕೆಲಸ ಮಾಡಿದ ಹಿರಿಯರು ಯಾರಾದರೂ ಇದ್ದರೆ ಅವರ ಬಳಿ ಕುಳಿತು, ತೂಬಿನಿಂದ ಕೊನೆಯ ಗದ್ದೆಯವರೆಗೆ ನೀರು ಹೋಗುವ ದಾರಿಯ ಪ್ರತಿಯೊಂದು ಹೆಸರನ್ನೂ, ಬರಗಾಲದಲ್ಲಿ ಪಾಲನ್ನು ಇಳಿಸುತ್ತಿದ್ದ ಕ್ರಮವನ್ನೂ ಕೇಳಿ ಬರೆದುಕೊಂಡು ಬನ್ನಿ. ಮುಂದಿನ ಸಂಚಿಕೆಯಲ್ಲಿ ಅವನ್ನು ಸೇರಿಸೋಣ.